ಲಾಂಗ್ ಐಲ್ಯಾಂಡ್‌ನ ಅಳಿವೆಗಳು

ನ್ಯೂಯಾರ್ಕ್ ನಗರದಿಂದ ಪೂರ್ವಕ್ಕೆ ಸುಮಾರು 190 ಕಿ.ಮೀ. ಚಾಚಿಕೊಂಡಿರುವ ಲಾಂಗ್ ಐಲ್ಯಾಂಡ್, ಹಿಮಯುಗದ ನೀರ್ಗಲ್ಲುಗಳು ತಂದು ಸುರಿದ ಮಣ್ಣು, ಮರಳು, ಗುಂಡುಕಲ್ಲುಗಳ ರಾಶಿ. ಅದರ ದಕ್ಷಿಣ ಮಗ್ಗುಲಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಎದುರಾಗಿ ಮರಳಿನ ಕಿರಿದಾದ ಪಟ್ಟಿಗಳು ಸಾಲಾಗಿ ಮಲಗಿವೆ. ಪಶ್ಚಿಮದಲ್ಲಿ ರಾಕವೇ, ಲಾಂಗ್ ಬೀಚ್, ಜೋನ್ಸ್ ಬೀಚ್; ನಡುವೆ 50 ಕಿ.ಮೀ. ಉದ್ದದ ಫೈರ್ ಐಲ್ಯಾಂಡ್. ಪೂರ್ವಕ್ಕೆ ವೆಸ್ಟ್‌ಹ್ಯಾಂಪ್ಟನ್ ಮತ್ತು ಸೌತ್‌ಹ್ಯಾಂಪ್ಟನ್ ಪಟ್ಟಿಗಳು. ಭೂವಿಜ್ಞಾನಿಗಳು ಇವನ್ನು ತಡೆದ್ವೀಪಗಳೆನ್ನುತ್ತಾರೆ. ಹಲವೆಡೆ ಇವುಗಳ ಅಗಲ ಅರ್ಧ ಕಿ.ಮೀ. ಕೂಡ ಇಲ್ಲ. ಬೆನ್ನಿಗೆ ಗ್ರೇಟ್ ಸೌತ್ ಬೇ, ಮೊರಿಚಸ್, ಶಿನೆಕಾಕ್ ಎಂಬ ಆಳವಿಲ್ಲದ ಹಿನ್ನೀರುಗಳಿವೆ. ಹಿನ್ನೀರಿನ ಆಚೆ ದಡದಲ್ಲಿ ಊರುಗಳು, ರಸ್ತೆ, ರೈಲು, ಲಕ್ಷಾಂತರ ಜನ.

ಕಡಲಿಗೂ ಹಿನ್ನೀರಿಗೂ ನಡುವೆ ನೀರು ಹೋಗಿಬರಲು ಇರುವ ದಾರಿ ಅಳಿವೆ. ಈ ಕರಾವಳಿಯಲ್ಲಿ ದೊಡ್ಡ ನದಿಗಳಿಲ್ಲ. ಆದ್ದರಿಂದ ಇಲ್ಲಿನ ಅಳಿವೆಗಳನ್ನು ಹೊಳೆ ಕೊರೆದದ್ದಲ್ಲ, ಬಿರುಗಾಳಿ ಕೊರೆದದ್ದು. ಚಂಡಮಾರುತದ ದಿನ ಉಕ್ಕಿದ ಸಮುದ್ರ ಮರಳುದಿಬ್ಬದ ತಗ್ಗು ಜಾಗ ಹುಡುಕಿ ಹಾಯುತ್ತದೆ. ಕೆಲವೊಮ್ಮೆ ಕಡಲಿನ ಏರಿಗಿಂತಲೂ ಹೆಚ್ಚು ಹಾನಿ ಮಾಡುವುದು, ಗಾಳಿ ದಿಕ್ಕು ಬದಲಿಸಿದಾಗ ಹಿನ್ನೀರಿನಲ್ಲಿ ತುಂಬಿಕೊಂಡ ನೀರು ಒಮ್ಮೆಲೇ ಹೊರಕ್ಕೆ ನುಗ್ಗುವ ಗಳಿಗೆ. ಹೀಗೆ ತೆರೆದ ಕಂಡಿ ಉಳಿಯುತ್ತದೋ ಮುಚ್ಚುತ್ತದೋ ಎಂಬುದು ಎರಡು ಬಲಗಳ ಹಗ್ಗಜಗ್ಗಾಟಕ್ಕೆ ಬಿಟ್ಟದ್ದು. ಅಲೆಗಳು ದಡದುದ್ದಕ್ಕೂ ಸಾಗಿಸುವ ಮರಳು ಕಂಡಿಯನ್ನು ತುಂಬುತ್ತದೆ. ದಿನಕ್ಕೆ ಎರಡು ಸಲದ ಭರತ ಮತ್ತು ಇಳಿತದ ಸೆಳೆತ ಅದನ್ನು ತೊಳೆಯುತ್ತದೆ. ಭರತದಲ್ಲಿ ಒಳಬರುವ ಒಟ್ಟು ನೀರಿಗೂ ಅಳಿವೆಯ ಅಡ್ಡಗಲಕ್ಕೂ ಲೆಕ್ಕದ ಸಂಬಂಧವಿದೆಯೆಂದು ಅಮೆರಿಕದ ಎಂಜಿನಿಯರ್ ಮೊರೊ ಓಬ್ರಯನ್ 1931ರಲ್ಲಿ ತೋರಿಸಿದ. ಒಂದೇ ಹಿನ್ನೀರಿಗೆ ಎರಡು ಮೂರು ಅಳಿವೆಗಳಿದ್ದರೆ ನೀರು ಹಂಚಿಹೋಗುತ್ತದೆ, ಸೆಳೆತ ಕುಗ್ಗುತ್ತದೆ, ಬಲಹೀನವಾದದ್ದು ಹೂಳಿನಿಂದ ಮುಚ್ಚುತ್ತದೆ. ಮುಚ್ಚುವ ಮೊದಲು ಅದು ಹಿನ್ನೀರಿನೊಳಗೆ ವಿಶಾಲವಾದ ಮರಳ ತಿಟ್ಟೊಂದನ್ನು ಕಟ್ಟಿರುತ್ತದೆ. ಆ ತಿಟ್ಟಿನ ಮೇಲೆ ಹುಲ್ಲು ಬೆಳೆದು ಜವುಗು ನೆಲವಾಗುತ್ತದೆ. ಮುಂದೆ ದ್ವೀಪ ಹಿಂದಕ್ಕೆ ಸರಿದಾಗ ಕೂರಲು ಅದೇ ತಳಪಾಯ. ಹೊರಗಿನಿಂದ ನೋಡಿದವರಿಗೆ ದ್ವೀಪ ಹರಿದು ಹಾಳಾದಂತೆ ಕಾಣುವ ಈ ಘಟನೆ, ಏರುತ್ತಿರುವ ಸಮುದ್ರದೆದುರು ದ್ವೀಪ ಬದುಕುಳಿಯುವ ವಿಧಾನವೂ ಹೌದು.

ಈ ಕರಾವಳಿಯಲ್ಲಿ ಮರಳಿನ ಓಟ ಮುಖ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ. ಫೈರ್ ಐಲ್ಯಾಂಡ್‌ನ ದೀಪಸ್ತಂಭ ಇದಕ್ಕೆ ನಿಂತ ಸಾಕ್ಷಿ. 1826ರಲ್ಲಿ ಮೊದಲ ದೀಪಸ್ತಂಭವನ್ನು ದ್ವೀಪದ ಪಶ್ಚಿಮದ ತುದಿಯ ಬಳಿ, ಅಳಿವೆಯ ಪಕ್ಕದಲ್ಲೇ ಕಟ್ಟಲಾಗಿತ್ತು. ಅದರ ಎತ್ತರ ಸಾಲದೆಂಬುದು ಬೇಗನೆ ಗೊತ್ತಾಯಿತು. 1850ರ ಜುಲೈನಲ್ಲಿ ಎಲಿಜಬೆತ್ ಎಂಬ ಹಡಗು ಫೈರ್ ಐಲ್ಯಾಂಡ್ ಬಳಿ ಮರಳ ದಿಣ್ಣೆಗೆ ಸಿಕ್ಕಿ ಒಡೆದು, ಲೇಖಕಿ ಮಾರ್ಗರೆಟ್ ಫುಲ್ಲರ್ ಗಂಡ ಮತ್ತು ಎಳೆಯ ಮಗುವಿನೊಂದಿಗೆ ದಡ ಕಾಣುವಷ್ಟು ಸಮೀಪದಲ್ಲೇ ಮುಳುಗಿಹೋದಳು. 1858ರಲ್ಲಿ 51 ಮೀಟರ್ ಎತ್ತರದ ಈಗಿನ ದೀಪಸ್ತಂಭ ಬೆಳಗಿತು. ಆದರೆ ದ್ವೀಪ ನಿಂತಲ್ಲಿ ನಿಲ್ಲಲಿಲ್ಲ. ಅಲೆ ತಂದ ಮರಳು ತುದಿಗೆ ಸೇರುತ್ತ ಸೇರುತ್ತ ದ್ವೀಪ ಪಶ್ಚಿಮಕ್ಕೆ ಬೆಳೆಯಿತು. ಅಳಿವೆ ಅದರ ಮುಂದೆ ಮುಂದೆ ಸರಿಯಿತು. 1941ರಲ್ಲಿ ತುದಿಗೆ ಕಲ್ಲಿನ ದಂಡೆ ಕಟ್ಟಿ ಮುಗಿಸುವ ಹೊತ್ತಿಗೆ ದೀಪಸ್ತಂಭಕ್ಕೂ ಅಳಿವೆಗೂ ನಡುವೆ ಸುಮಾರು 8 ಕಿ.ಮೀ. ಅಂತರವಾಗಿತ್ತು. ದಂಡೆಯ ಹಿಂದಿನ ಜಾಗ ಹತ್ತು ವರ್ಷಗಳ ಆಸುಪಾಸಿನಲ್ಲೇ ಮರಳಿನಿಂದ ತುಂಬಿ, ಮರಳು ಮತ್ತೆ ಅಳಿವೆಗೆ ಸುತ್ತಿ ಬರತೊಡಗಿತು.

ಹಳೆಯ ಕಾಲದವರು ಈ ಅಲೆದಾಟಕ್ಕೆ ಹೊಂದಿಕೊಂಡಿದ್ದರು. ಶಿನೆಕಾಕ್ ಮತ್ತು ಉಂಕೆಚಾಗ್ ಮೂಲನಿವಾಸಿಗಳು ಹಿನ್ನೀರಿನ ದಡದಲ್ಲಿ ನೆಲೆಸಿ, ಕಡಲ ಪಟ್ಟಿಯನ್ನು ಮೀನು, ಚಿಪ್ಪು, ತಿಮಿಂಗಿಲಗಳಿಗಾಗಿ ಬಳಸುತ್ತಿದ್ದರು. ವಸಾಹತುಗಾರರೂ ಮೊದಮೊದಲು ದನ ಮೇಯಿಸಲು, ಉಪ್ಪುಹುಲ್ಲು ಕೊಯ್ಯಲು ಅಲ್ಲಿಗೆ ಹೋಗಿ ಮರಳುತ್ತಿದ್ದರು. ಸೌತ್‌ಹ್ಯಾಂಪ್ಟನ್‌ನ ಊರ ಟ್ರಸ್ಟಿಗಳಿಗೆ 1686ರ ಸನ್ನದಿನ ಕಾಲದಿಂದ ಬಂದ ಹಕ್ಕೊಂದಿದೆ: ಮೆಕಾಕ್ಸ್ ಕೊಲ್ಲಿಯಲ್ಲಿ ನೀರು ಏರಿದಾಗ ಮರಳದಂಡೆಯನ್ನು ಕಡಿದು ಕಡಲಿಗೆ ಬಿಡುವುದು. ಕೆಲದಿನಗಳಲ್ಲಿ ಅಲೆ ಅದನ್ನು ಮುಚ್ಚುತ್ತದೆ. ಮತ್ತೆ ಬೇಕಾದಾಗ ಮತ್ತೆ ಕಡಿಯುತ್ತಾರೆ. ಈ ಪದ್ಧತಿ ಇಂದಿಗೂ ಇದೆ. ಹಾಗೆಯೇ ಫೈರ್ ಐಲ್ಯಾಂಡ್‌ನ ಪೂರ್ವಭಾಗದಲ್ಲಿ 1763ರಲ್ಲಿ ತೆರೆದ ಅಳಿವೆಯೊಂದು ಅರವತ್ತು ವರ್ಷ ಇದ್ದು 1825ರ ಸುಮಾರಿಗೆ ತಾನಾಗಿ ಮುಚ್ಚಿತು. ಜಾಗಕ್ಕೆ ಹಳೆ ಅಳಿವೆ ಎಂಬರ್ಥದ ಓಲ್ಡ್ ಇನ್ಲೆಟ್ ಎಂಬ ಹೆಸರು ಮಾತ್ರ ಉಳಿಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೇಸಿಗೆಯ ವಿಹಾರ ಬಂತು. ಮರಳಿನ ಮೇಲೆ ಸ್ನಾನಗೃಹ, ಹೋಟೆಲು, ಮನೆಗಳು ಎದ್ದವು. ರಾಕವೇಯ ಎದುರಿಗಿದ್ದ ಹಾಗ್ ಐಲ್ಯಾಂಡ್ ಎಂಬ ಪುಟ್ಟ ಮರಳದ್ವೀಪದಲ್ಲೂ ಊಟದ ಮನೆ, ಸ್ನಾನಗೃಹಗಳಿದ್ದವು. 1893ರ ಆಗಸ್ಟ್‌ನ ಚಂಡಮಾರುತ ಅದರ ಬಹುಭಾಗವನ್ನು ತೊಳೆದೊಯ್ದಿತು. ಹತ್ತು ವರ್ಷಗಳಲ್ಲಿ ದ್ವೀಪವೇ ನಕಾಶೆಯಿಂದ ಅಳಿಸಿಹೋಯಿತು. ಈ ದ್ವೀಪದ ನೆನಪು ಎಷ್ಟು ಪೂರ್ತಿಯಾಗಿ ಮಾಸಿತ್ತೆಂದರೆ, ಸುಮಾರು ನೂರು ವರ್ಷಗಳ ಬಳಿಕ ಕ್ವೀನ್ಸ್ ಕಾಲೇಜಿನ ಭೂವಿಜ್ಞಾನಿ ನಿಕೋಲಸ್ ಕಾಕ್ ದಡದ ಮರಳಿನಲ್ಲಿ ಸಿಕ್ಕಿದ ಹಳೆಯ ಬಾಟಲಿ, ಪಿಂಗಾಣಿ ಚೂರುಗಳಿಂದ ಅದರ ಕಥೆಯನ್ನು ಮತ್ತೆ ಹೊರತೆಗೆಯಬೇಕಾಯಿತು. 1929ರಲ್ಲಿ ಉದ್ಯಾನ ಇಲಾಖೆಯ ಅಧಿಕಾರಿ ರಾಬರ್ಟ್ ಮೋಸೆಸ್‌ನ ನೇತೃತ್ವದಲ್ಲಿ ಜೋನ್ಸ್ ಬೀಚ್ ಉದ್ಯಾನ ತೆರೆದು, ಮರಳಪಟ್ಟಿಗೆ ಹೆದ್ದಾರಿ ಬಂತು.

1931ರ ಮಾರ್ಚ್ ತಿಂಗಳ ಬಿರುಗಾಳಿ ಮೊರಿಚಸ್ ಹಿನ್ನೀರಿನ ಎದುರು ಪಟ್ಟಿಯನ್ನು ಒಡೆಯಿತು. ಹೀಗೆ ಹುಟ್ಟಿದ ಮೊರಿಚಸ್ ಅಳಿವೆ, ಈ ಕರಾವಳಿಯ ಆಧುನಿಕ ಇತಿಹಾಸದ ಮೊದಲ ಪ್ರಮುಖ ಘಟನೆ. ಅಲ್ಲಿಯವರೆಗೆ ಹಿನ್ನೀರಿಗೆ ಬರುತ್ತಿದ್ದ ಕಡಲ ನೀರು ಬಹು ದೂರದಿಂದ, ಫೈರ್ ಐಲ್ಯಾಂಡ್ ಅಳಿವೆಯಿಂದ ಮಾತ್ರ. ಹೊರಗೆ ಭರತ ಇಳಿತಗಳ ವ್ಯತ್ಯಾಸ ಒಂದು ಮೀಟರಿಗೂ ಮಿಕ್ಕಿದ್ದರೆ, ಗ್ರೇಟ್ ಸೌತ್ ಬೇಯೊಳಗೆ ಅದು ಮೊಣಕೈ ಅಳತೆಗೂ ಬಾರದು. ಹೊಸ ಅಳಿವೆಯಿಂದ ಉಪ್ಪು ಹೆಚ್ಚಿತು. ಗ್ರೇಟ್ ಸೌತ್ ಬೇಯ ಬ್ಲೂ ಪಾಯಿಂಟ್ ಸಿಂಪಿಗಳು ನ್ಯೂಯಾರ್ಕಿನ ಊಟದ ಮೇಜುಗಳಲ್ಲಿ ಹೆಸರುವಾಸಿಯಾಗಿದ್ದವು. ನೀರು ಉಪ್ಪಾದಂತೆ ಸಿಂಪಿಯ ಚಿಪ್ಪು ಕೊರೆದು ತಿನ್ನುವ ಬಸವನಹುಳುಗಳು ಒಳನುಗ್ಗಿದವು. ಸಿಂಪಿ ಕೃಷಿ ಸೊರಗಿತು. ಅದೇ ಉಪ್ಪುನೀರು ಗಟ್ಟಿಚಿಪ್ಪಿನ ಮರುವಾಯಿಗೆ ಹಿತವಾಗಿತ್ತು. ಒಬ್ಬರ ಕಸುಬು ಕಿತ್ತುಕೊಂಡ ನೀರೇ ಇನ್ನೊಬ್ಬರಿಗೆ ಅನ್ನವಾಯಿತು. ಮುಂದೆ ಬಂದ ಪ್ರತಿ ಅಳಿವೆಯ ವಾದದಲ್ಲೂ ಇದೇ ತೊಡಕು ಕಾಣುತ್ತದೆ: ತೆರೆಯುವುದರಿಂದಲೋ ಮುಚ್ಚುವುದರಿಂದಲೋ ಎಲ್ಲರಿಗೂ ಒಳಿತಾಗುವ ಸಂದರ್ಭ ಇಲ್ಲಿ ಒಮ್ಮೆಯೂ ಬರಲಿಲ್ಲ.

1938ರ ಸೆಪ್ಟೆಂಬರ್ 21, ಬುಧವಾರ. ಯುರೋಪಿನಲ್ಲಿ ಚೆಕೊಸ್ಲೊವಾಕಿಯಾದ ಬಿಕ್ಕಟ್ಟು ಯುದ್ಧದ ಅಂಚಿಗೆ ಬಂದಿತ್ತು. ಪತ್ರಿಕೆಗಳ ಮುಖಪುಟ ಅದಕ್ಕೆ ಮೀಸಲು. ದಕ್ಷಿಣದ ಸಮುದ್ರದಲ್ಲಿ ಫ್ಲಾರಿಡಾವನ್ನು ಹೆದರಿಸಿದ್ದ ಚಂಡಮಾರುತವೊಂದು ಉತ್ತರಕ್ಕೆ ತಿರುಗಿತ್ತು. ಇಂಥವು ಸಾಮಾನ್ಯವಾಗಿ ಹ್ಯಾಟರಸ್ ಭೂಶಿರ ದಾಟಿದ ಮೇಲೆ ಈಶಾನ್ಯಕ್ಕೆ ಬಾಗಿ ಸಾಗರದಲ್ಲೇ ಸಾಯುತ್ತವೆ. ವಾಷಿಂಗ್ಟನ್‌ನ ಹವಾಮಾನ ಕಚೇರಿಯ ಹಿರಿಯರು ಈ ಸಲವೂ ಹಾಗೆಯೇ ಆಗುವುದೆಂದು ನಂಬಿದರು. ಕಚೇರಿಯ ಕಿರಿಯ ಮುನ್ಸೂಚಕ ಚಾರ್ಲ್ಸ್ ಪಿಯರ್ಸ್ ಮಾತ್ರ, ಎಡಬಲಗಳಲ್ಲಿ ಹೆಚ್ಚೊತ್ತಡದ ವಲಯಗಳಿರುವುದರಿಂದ ಬಿರುಗಾಳಿ ನಡುವಿನ ಓಣಿಯಲ್ಲಿ ನೇರ ಉತ್ತರಕ್ಕೆ ಧಾವಿಸುವುದೆಂದು ವಾದಿಸಿದ. ಆತನ ಮಾತಿಗೆ ಬೆಲೆ ಸಿಗಲಿಲ್ಲ. ಲಾಂಗ್ ಐಲ್ಯಾಂಡ್‌ಗೆ ಬಲವಾದ ಗಾಳಿಯ ಸೂಚನೆ ಹೋಯಿತೇ ಹೊರತು ಚಂಡಮಾರುತದ ಎಚ್ಚರಿಕೆ ಹೋಗಲಿಲ್ಲ. ಉಪಗ್ರಹ, ರಾಡಾರ್ ಇಲ್ಲದ ಕಾಲ. ಎಚ್ಚರಿಕೆ ಸಿಕ್ಕ ಹಡಗುಗಳು ಬಿರುಗಾಳಿಯ ದಾರಿಯಿಂದ ಸರಿದದ್ದರಿಂದ ಅವುಗಳಿಂದ ಬರಬೇಕಿದ್ದ ವರದಿಗಳೂ ಇರಲಿಲ್ಲ. ಈ ಭಾಗಕ್ಕೆ ಇಷ್ಟು ಬಲವಾದ ಚಂಡಮಾರುತ ಬಡಿದು, 1821ರಿಂದೀಚೆಗೆ ಲೆಕ್ಕ ಹಾಕಿದರೆ, ನೂರು ವರ್ಷ ದಾಟಿತ್ತು. ಜೀವಂತ ನೆನಪಿನಲ್ಲಿ ಇಲ್ಲದ ಅಪಾಯವನ್ನು ಯಾರೂ ಎದುರು ನೋಡುತ್ತಿರಲಿಲ್ಲ.

ಬೆಳಗ್ಗೆ ಬಿಸಿಲಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಚಂಡಮಾರುತದ ಕಣ್ಣು ದಕ್ಷಿಣ ದಂಡೆಗೆ ಬಂದು ತಾಗಿತು. ಬೆಲ್‌ಪೋರ್ಟ್‌ನಲ್ಲಿ ವಾಯುಭಾರ 946 ಮಿಲಿಬಾರ್‌ಗೆ ಕುಸಿದದ್ದು ದಾಖಲಾಗಿದೆ. ಅದು ಗಂಟೆಗೆ 75 ಕಿ.ಮೀ.ಗೂ ಮೀರಿದ ವೇಗದಲ್ಲಿ ಉತ್ತರಕ್ಕೆ ಓಡುತ್ತಿತ್ತು. ಹಾಗಾಗಿ ಕಣ್ಣಿನ ಬಲಬದಿಯಲ್ಲಿ ಸುತ್ತುಗಾಳಿಯ ಬಲಕ್ಕೆ ಮುನ್ನುಗ್ಗುವ ವೇಗವೂ ಸೇರಿಕೊಂಡಿತು. ಆ ಬಲಬದಿಯಲ್ಲೇ ವೆಸ್ಟ್‌ಹ್ಯಾಂಪ್ಟನ್ ಇತ್ತು. ವಿಷುವತ್ತಿನ ಕಾಲ, ಅಮಾವಾಸ್ಯೆಯೂ ಹತ್ತಿರ. ಕಡಲು ದೊಡ್ಡ ಭರತದಲ್ಲಿತ್ತು. ಬದುಕುಳಿದವರಲ್ಲಿ ಹಲವರು, ದೂರದಲ್ಲಿ ಮಂಜಿನ ದಟ್ಟ ಪರದೆಯಂತೆ ಏನೋ ಬರುತ್ತಿರುವುದನ್ನು ಕಂಡು, ಹತ್ತಿರವಾದಾಗ ಅದು ನೀರೆಂದು ತಿಳಿದದ್ದನ್ನು ಹೇಳಿದ್ದಾರೆ.

ಕ್ವಾಗ್ ಊರಿನಿಂದ ಮೊರಿಚಸ್ ಅಳಿವೆಯವರೆಗಿನ ಮರಳುದಿಬ್ಬದ ಮೇಲೆ 179 ಮನೆಗಳಿದ್ದವು. ಸಂಜೆಯ ವೇಳೆಗೆ 26 ಉಳಿದಿದ್ದವು. ಅವುಗಳಲ್ಲೂ ಹೆಚ್ಚಿನವು ವಾಸಕ್ಕೆ ಯೋಗ್ಯವಾಗಿರಲಿಲ್ಲ. ಮನೆ ಮುರಿದು ತೇಲಿದಾಗ ಮಾಡನ್ನೇ ತೆಪ್ಪ ಮಾಡಿಕೊಂಡು ಹಿನ್ನೀರು ದಾಟಿ ಆಚೆ ದಡ ಸೇರಿದವರಿದ್ದರು. ನಡುವೆಯೇ ಮಾಡು ಒಡೆದು ಮುಳುಗಿದವರೂ ಇದ್ದರು. ನೀರು ವೆಸ್ಟ್‌ಹ್ಯಾಂಪ್ಟನ್ ಬೀಚ್‌ನ ಪೇಟೆಬೀದಿಯವರೆಗೂ ನುಗ್ಗಿತು. ಊರಿನ ಕಂಟ್ರಿ ಕ್ಲಬ್ ಕಟ್ಟಡವನ್ನು ಶವಾಗಾರ ಮಾಡಬೇಕಾಯಿತು. ಸೆಪ್ಟೆಂಬರ್ ಮುಗಿಯುತ್ತ ಬಂದಿದ್ದರಿಂದ ಬೇಸಿಗೆಯ ಜನರಲ್ಲಿ ಬಹುತೇಕರು ನಗರಕ್ಕೆ ಮರಳಿದ್ದರು. ಮೂರು ವಾರ ಮೊದಲು ಬಂದಿದ್ದರೆ ಸಾವಿನ ಲೆಕ್ಕ ಎಷ್ಟಾಗುತ್ತಿತ್ತೆಂದು ಊಹಿಸಲೂ ಭಯವಾಗುತ್ತದೆ. ನ್ಯೂ ಇಂಗ್ಲೆಂಡ್‌ವರೆಗೆ ಹರಡಿದ ಈ ಬಿರುಗಾಳಿ ಒಟ್ಟು 600ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಲಾಂಗ್ ಐಲ್ಯಾಂಡ್‌ನಲ್ಲಿ ಸತ್ತವರಲ್ಲಿ ದೊಡ್ಡ ಪಾಲು ಈ ಕಿರಿದಾದ ಮರಳುಪಟ್ಟಿ ಮತ್ತು ಅದರ ಹಿಂದಿನ ಊರಿನವರದು.

ಮರುದಿನ ಮರಳುಪಟ್ಟಿಯಲ್ಲಿ ಹಲವು ಕಡೆ ಹೊಸ ಕಂಡಿಗಳು ಬಾಯಿ ಬಿಟ್ಟಿದ್ದವು. ಬಹಳಷ್ಟನ್ನು ಸರ್ಕಾರಿ ಕಾಮಗಾರಿಯಲ್ಲಿ ಮುಚ್ಚಿಸಲಾಯಿತು, ಕೆಲವನ್ನು ಅಲೆಯೇ ಮುಚ್ಚಿತು. ಶಿನೆಕಾಕ್ ಹಿನ್ನೀರಿನ ಎದುರು ಬಿದ್ದ ಕಂಡಿಯನ್ನು ಮಾತ್ರ ಬೇಕೆಂದೇ ಉಳಿಸಿಕೊಳ್ಳಲಾಯಿತು. ಅಲ್ಲಿನ ಬೆಸ್ತರಿಗೆ ನೇರವಾಗಿ ಕಡಲಿಗಿಳಿಯುವ ದಾರಿ ಅದುವರೆಗೆ ಇರಲಿಲ್ಲ. 1892ರಲ್ಲಿ ತೋಡಿದ ಕಾಲುವೆಯೊಂದು ಉತ್ತರದ ಪೆಕೊನಿಕ್ ಕೊಲ್ಲಿಗೆ ಸಂಪರ್ಕ ಕಲ್ಪಿಸಿದ್ದರೂ ಅದು ಸುತ್ತು ದಾರಿ. ಬಿರುಗಾಳಿ ಕೊಟ್ಟ ಬಾಗಿಲನ್ನು 1950ರ ದಶಕದಲ್ಲಿ ಎರಡೂ ಬದಿ ಕಲ್ಲಿನ ದಂಡೆ ಕಟ್ಟಿ ಶಾಶ್ವತ ಮಾಡಿದರು. ಶಿನೆಕಾಕ್ ಅಳಿವೆಯ ಬಳಿ ಇಂದು ನ್ಯೂಯಾರ್ಕ್ ರಾಜ್ಯದ ಪ್ರಮುಖ ಮೀನುಗಾರಿಕೆ ಧಕ್ಕೆಗಳಲ್ಲೊಂದಿದೆ. ಧಕ್ಕೆ ಇರುವುದು ಅಳಿವೆಯ ಪಶ್ಚಿಮದಲ್ಲಿ, ಅಂದರೆ ಮರಳು ಸಿಗದ ಬದಿಯಲ್ಲಿ. ಅದರ ಮುಂದಿನ ಕಡಲದಂಡೆ ಕೊರೆಯುತ್ತಲೇ ಇದೆ, ಮತ್ತೆ ಮತ್ತೆ ಮರಳು ತಂದು ಸುರಿಯುತ್ತಲೇ ಇದ್ದಾರೆ.

ಮೊರಿಚಸ್ ಅಳಿವೆಯ ಗತಿ ಬೇರೆಯಾಯಿತು. ದಂಡೆ ಕಟ್ಟದೆ ಬಿಟ್ಟ ಅದು ಪಶ್ಚಿಮಕ್ಕೆ ಸರಿಯುತ್ತ, ಕಿರಿದಾಗುತ್ತ 1951ರಲ್ಲಿ ಪೂರ್ತಿ ಮುಚ್ಚಿಕೊಂಡಿತು. ಮೊರಿಚಸ್ ಹಿನ್ನೀರಿಗೆ ಹರಿದು ಸೇರುವ ತೊರೆಗಳ ದಡದಲ್ಲಿ ಆಗ ಬಾತುಕೋಳಿ ಸಾಕಣೆ ಭರ್ಜರಿಯಾಗಿ ನಡೆಯುತ್ತಿತ್ತು. ಲಾಂಗ್ ಐಲ್ಯಾಂಡ್‌ನ ಬಾತು ಅಮೆರಿಕದಾದ್ಯಂತ ಮಾರಾಟವಾಗುತ್ತಿತ್ತು. ಲಕ್ಷಾಂತರ ಬಾತುಗಳ ಹಿಕ್ಕೆ ನೇರ ನೀರಿಗೆ ಬೀಳುತ್ತಿತ್ತು. ಅಳಿವೆ ಇದ್ದಾಗ ಇಳಿತದ ಜೊತೆ ಹೊರಹೋಗುತ್ತಿದ್ದ ಈ ಕೊಳೆ ಅಳಿವೆ ಕಿರಿದಾದಂತೆ ಒಳಗೇ ನಿಂತಿತು. ನೀರು ಹಸಿರುಗಟ್ಟಿತು. ವುಡ್ಸ್ ಹೋಲ್‌ನ ಸಾಗರವಿಜ್ಞಾನಿ ಜಾನ್ ರೈದರ್ 1954ರಲ್ಲಿ ಪ್ರಕಟಿಸಿದ ಅಧ್ಯಯನ, ಬಾತುಗಳ ಹಿಕ್ಕೆಯ ಸಾರಜನಕ ಮತ್ತು ರಂಜಕ ಉಂಡು ಬೆಳೆದ ಅತಿಸಣ್ಣ ಪಾಚಿಗಳು ಸಿಂಪಿಗಳಿಗೆ ಒಗ್ಗುವುದಿಲ್ಲವೆಂದು ತೋರಿಸಿತು. ನೀರಿನ ಮಾಲಿನ್ಯವನ್ನೂ ಅಳಿವೆಯ ಹರಿವನ್ನೂ ಒಂದೇ ಪ್ರಶ್ನೆಯಾಗಿ ನೋಡಿದ ಈ ಕೆಲಸ ಮುಂದಿನ ಕರಾವಳಿ ವಿಜ್ಞಾನಕ್ಕೆ ದಾರಿ ತೋರಿತು. ಅಷ್ಟರಲ್ಲಿ ಸ್ಥಳೀಯ ಆಡಳಿತ ಕಲ್ಲಿನ ದಂಡೆಗಳನ್ನು ಕಟ್ಟಿಸಿತ್ತು. 1953ರಲ್ಲಿ ಅಳಿವೆ ಮತ್ತೆ ತೆರೆಯಿತು. ಹೀಗೆ ಶತಮಾನದ ನಡುಭಾಗಕ್ಕೆ, ಅಲೆಯುತ್ತಿದ್ದ ಮೂರು ಅಳಿವೆಗಳೂ ಕಲ್ಲಿನ ಕಟ್ಟೆಯ ನಡುವೆ ಕಟ್ಟುಬಿದ್ದವು. ದೋಣಿಗಳಿಗೆ ನಿಶ್ಚಿತ ದಾರಿ ಸಿಕ್ಕಿತು. ಪಶ್ಚಿಮದ ದಂಡೆಗಳಿಗೆ ಬರಬೇಕಿದ್ದ ಮರಳಿನಲ್ಲಿ ಕೊರತೆ ಬಿತ್ತು.

ರಾಬರ್ಟ್ ಮೋಸೆಸ್ 1938ರ ವಿನಾಶ ಕಂಡ ಕೂಡಲೇ ಪರಿಹಾರವೊಂದನ್ನು ಮುಂದಿಟ್ಟಿದ್ದ: ಫೈರ್ ಐಲ್ಯಾಂಡ್‌ನ ಉದ್ದಕ್ಕೂ ಮರಳು ಏರಿಸಿ ಅದರ ಮೇಲೆ ಹೆದ್ದಾರಿ. ರಸ್ತೆಯೇ ಒಡ್ಡಾಗಿ ದ್ವೀಪವನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ಅವನ ವಾದ. ಆಗ ಹಣ ಒದಗಲಿಲ್ಲ. 1962ರ ಮಾರ್ಚ್ 6ರಿಂದ 8ರವರೆಗೆ, ವಿಭೂತಿ ಬುಧವಾರದ ಆಸುಪಾಸಿನಲ್ಲಿ, ನಾರ್‌ಈಸ್ಟರ್ ಎಂದು ಕರೆಯುವ ಈಶಾನ್ಯ ಬಿರುಗಾಳಿ ಐದು ಭರತಗಳ ಕಾಲ ಕದಲದೆ ನಿಂತು ಇಡೀ ಪೂರ್ವ ಕರಾವಳಿಯನ್ನು ಬಡಿಯಿತು. ವೆಸ್ಟ್‌ಹ್ಯಾಂಪ್ಟನ್ ಪಟ್ಟಿ ಮತ್ತೆ ಒಡೆಯಿತು. ಈ ಸಲ ಕಂಡಿಯನ್ನು ಬೇಗನೆ ಮುಚ್ಚಲಾಯಿತು. ಮೋಸೆಸ್ ಹೆದ್ದಾರಿಯ ಯೋಜನೆಯನ್ನು ಮತ್ತೆ ತೆಗೆದ. ಫೈರ್ ಐಲ್ಯಾಂಡ್‌ನ ಹದಿನೇಳು ಸಣ್ಣ ವಸತಿಗಳಿಗೆ ದೋಣಿಯಲ್ಲಿ ಹೋಗಬೇಕು, ಹಲಗೆ ಹಾಸಿದ ಕಾಲುದಾರಿಯಲ್ಲಿ ನಡೆಯಬೇಕು; ಕಾರಿಲ್ಲದ ಈ ಬದುಕನ್ನು ಅಲ್ಲಿನವರು ಪ್ರೀತಿಸುತ್ತಿದ್ದರು. ಮರಳುದಿಬ್ಬಗಳ ಮರೆಯಲ್ಲಿ ಬೆಳೆದ ಸಂಕನ್ ಫಾರೆಸ್ಟ್ ಎಂಬ, ಹಾಲಿ ಜಾತಿಯ ಮರಗಳ ಹಳೆಯ ಕಾಡಿಗೂ ರಸ್ತೆ ಕುತ್ತಾಗುತ್ತಿತ್ತು. ನಿವಾಸಿಗಳೂ ಪರಿಸರವಾದಿಗಳೂ ಒಟ್ಟಾದರು. ರಾಜ್ಯಪಾಲ ನೆಲ್ಸನ್ ರಾಕ್‌ಫೆಲ್ಲರ್ ಜೊತೆ ಮನಸ್ತಾಪವಾಗಿ ಮೋಸೆಸ್ ಉದ್ಯಾನ ಇಲಾಖೆಯ ಹುದ್ದೆ ತೊರೆದ. 1964ರ ಸೆಪ್ಟೆಂಬರ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾಯಿದೆಯಿಂದ ಫೈರ್ ಐಲ್ಯಾಂಡ್ ರಾಷ್ಟ್ರೀಯ ಕಡಲತೀರವಾಯಿತು. ನ್ಯೂಯಾರ್ಕ್‌ನಲ್ಲಿ ಮೋಸೆಸ್‌ನ ರಸ್ತೆಯೊಂದನ್ನು ಜನ ತಡೆದ ಅಪರೂಪದ ಪ್ರಸಂಗಗಳಲ್ಲಿ ಇದೊಂದು. ದ್ವೀಪದ ಬೆನ್ನ ಮೇಲೆ ಡಾಂಬರು ಬೀಳದೆ ಉಳಿದದ್ದರಿಂದಲೇ 2012ರಲ್ಲಿ ಬೇರೊಂದು ನಿರ್ಧಾರಕ್ಕೆ ಅವಕಾಶ ಉಳಿಯಿತು.

ಪೂರ್ವಕ್ಕಿದ್ದ ವೆಸ್ಟ್‌ಹ್ಯಾಂಪ್ಟನ್‌ಗೆ ಆ ಅದೃಷ್ಟ ಇರಲಿಲ್ಲ. ಫೈರ್ ಐಲ್ಯಾಂಡ್ ಅಳಿವೆಯಿಂದ ಪೂರ್ವ ತುದಿಯ ಮಾಂಟಾಕ್‌ವರೆಗೆ 83 ಮೈಲಿ, ಅಂದರೆ ಸುಮಾರು 134 ಕಿ.ಮೀ. ಕರಾವಳಿಯನ್ನು ರಕ್ಷಿಸಲು ಅಮೆರಿಕ ಸೇನೆಯ ಎಂಜಿನಿಯರ್ ದಳಕ್ಕೆ 1960ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಮರಳು ತುಂಬಿ ದಂಡೆ ಅಗಲಿಸುವುದು, ದಿಬ್ಬ ಎತ್ತರಿಸುವುದು, ಬೇಕಾದಲ್ಲಿ ಗ್ರೋಯ್ನ್ ಹಾಕುವುದು ಅದರ ಮುಖ್ಯ ಅಂಶಗಳು. ಗ್ರೋಯ್ನ್ ಎಂದರೆ ದಡದಿಂದ ಕಡಲಿನೊಳಕ್ಕೆ ಅಡ್ಡವಾಗಿ ಚಾಚಿದ ಕಲ್ಲುಗಳ ಸಾಲು. ಸಾಗುವ ಮರಳನ್ನು ಅದು ತನ್ನ ಪೂರ್ವ ಮಗ್ಗುಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದದ್ದು ತುಂಬಿದ ಮೇಲಷ್ಟೇ ಮುಂದಕ್ಕೆ ಬಿಡುತ್ತದೆ. ಆದ್ದರಿಂದ ಗ್ರೋಯ್ನ್ ಹಾಕಿದ ಕೂಡಲೇ ನಡುವಿನ ಜಾಗಗಳನ್ನು ಹೊರಗಿನ ಮರಳಿನಿಂದ ತುಂಬಿಸಬೇಕು. ಇಲ್ಲದಿದ್ದರೆ ನೆರೆಯವರಿಗೆ ಸೇರಬೇಕಾದ ಮರಳಿನಿಂದಲೇ ಅವು ತುಂಬುತ್ತವೆ.

ವೆಸ್ಟ್‌ಹ್ಯಾಂಪ್ಟನ್‌ನಲ್ಲಿ 1960ರ ದಶಕದ ನಡುವೆ 11 ಗ್ರೋಯ್ನ್‌ಗಳನ್ನು ಹಾಕಿದಾಗ ಮರಳು ತುಂಬಿಸಲಿಲ್ಲ. ಅವುಗಳ ಹಿಂದಿನ ದಂಡೆ ನಿಧಾನವಾಗಿ ಅಗಲವಾಯಿತು. ಅವುಗಳ ಪಶ್ಚಿಮದ ದಂಡೆ ಸೊರಗತೊಡಗಿತು. 1970ರ ಹೊತ್ತಿಗೆ ಇನ್ನೂ 4 ಸೇರಿ ಒಟ್ಟು 15 ಆದವು. ಈ ಬಾರಿ ಮರಳನ್ನೂ ಹಾಕಿದರು. ಆದರೆ ಸಾಲು ಅಲ್ಲಿಗೇ ನಿಂತಿತು. ಕೆಲಸವನ್ನು ಮೊರಿಚಸ್ ಅಳಿವೆಯವರೆಗೆ ಮುಂದುವರಿಸಲು ಬೇಕಾದ ಹಣ, ಒಮ್ಮತ ಎರಡೂ ಸಿಗಲಿಲ್ಲ. ಜಿಲ್ಲಾಡಳಿತ ಹಿಂದೆ ಸರಿಯಿತು. ಕೊನೆಯ ಗ್ರೋಯ್ನ್‌ನ ಪಶ್ಚಿಮಕ್ಕೆ ಮನೆ ಮಾಡಿಕೊಂಡಿದ್ದವರು ವರ್ಷದಿಂದ ವರ್ಷಕ್ಕೆ ಕಡಲು ಹತ್ತಿರವಾಗುವುದನ್ನು ನೋಡುತ್ತ ಕೂತರು. ಅರ್ಧಕ್ಕೆ ನಿಂತ ರಕ್ಷಣೆ, ರಕ್ಷಣೆಯೇ ಇಲ್ಲದ್ದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದೆಂಬುದಕ್ಕೆ ಈ ಹದಿನೈದು ಕಲ್ಲುಸಾಲುಗಳು ಉದಾಹರಣೆ. ಇಲ್ಲಿ ಕಡಲಿನ ಮುನಿಸಿಗಿಂತ ಮನುಷ್ಯರ ತೀರ್ಮಾನದ ಪಾಲು ದೊಡ್ಡದು. ಅದನ್ನು ನೈಸರ್ಗಿಕ ವಿಕೋಪವೆಂದಷ್ಟೇ ಬರೆದರೆ ಮನೆ ಕಳೆದುಕೊಂಡವರಿಗೆ ಅನ್ಯಾಯವಾಗುತ್ತದೆ.

1980ರ ಜನವರಿಯಲ್ಲಿ ಮೊರಿಚಸ್ ಅಳಿವೆಯ ದಂಡೆಗೆ ಹತ್ತಿಕೊಂಡಂತೆಯೇ ಪೂರ್ವದಲ್ಲಿ ಪಟ್ಟಿ ಒಡೆಯಿತು. ಅದನ್ನು ಮುಚ್ಚಿದ್ದು 1981ರಲ್ಲಿ; ಅಷ್ಟರಲ್ಲಿ ಕಂಡಿ ಮೊದಲಿನ ಹಲವು ಪಟ್ಟು ಅಗಲವಾಗಿತ್ತು. ತಡಮಾಡಿದಷ್ಟೂ ಮುಚ್ಚುವ ಖರ್ಚು ಏರುತ್ತದೆಂಬುದು ಆಗ ಲೆಕ್ಕದಲ್ಲಿ ಕಂಡಿತು. ಆಮೇಲೆ 1992ರ ಡಿಸೆಂಬರ್ 11ರ ನಾರ್‌ಈಸ್ಟರ್ ಬಂತು. ಗ್ರೋಯ್ನ್‌ಗಳ ಪಶ್ಚಿಮದ ಸೊರಗಿದ ದಂಡೆ ಎರಡು ಕಡೆ ಒಡೆಯಿತು. ಪೈಕ್ಸ್ ಮತ್ತು ಲಿಟ್ಲ್ ಪೈಕ್ಸ್ ಎಂದು ಆ ಕಂಡಿಗಳಿಗೆ ಹೆಸರಾಯಿತು. ಪೈಕ್ಸ್ ಅನ್ನು ಬೇಗ ಮುಚ್ಚಲಾಯಿತು. ಚಿಕ್ಕದೆಂದು ಬಿಟ್ಟ ಲಿಟ್ಲ್ ಪೈಕ್ಸ್ ತಿಂಗಳುಗಟ್ಟಲೆ ಅಗಲವಾಗುತ್ತ ರಸ್ತೆ, ವಿದ್ಯುತ್ ಕಂಬ, ಮನೆಗಳನ್ನು ಸಾಲುಸಾಲಾಗಿ ನುಂಗಿತು. ಮೊರಿಚಸ್ ಹಿನ್ನೀರಿನಲ್ಲಿ ಭರತದ ಮಟ್ಟ ಏರಿ, ಆಚೆ ದಡದ ತಗ್ಗು ಬೀದಿಗಳಲ್ಲಿ ಬಿರುಗಾಳಿಯಿಲ್ಲದ ದಿನವೂ ನೀರು ಹತ್ತತೊಡಗಿತು. 1993ರ ಕೊನೆಯ ಭಾಗದಲ್ಲಷ್ಟೇ ಎಂಜಿನಿಯರ್ ದಳ ಅದನ್ನು ಮುಚ್ಚಿಸಿತು.

ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋಗಿದ್ದರು. ತಮ್ಮ ನೆಲವನ್ನು ಕಿತ್ತುಕೊಂಡದ್ದು ಸರ್ಕಾರ ಕಟ್ಟಿದ ಕಲ್ಲುಗಳೆಂಬುದು ಅವರ ದೂರು. 1993ರಲ್ಲಿ ಅವರು ತಮ್ಮದೇ ಪಂಚಾಯಿತಿ ರಚಿಸಿಕೊಂಡರು. ವೆಸ್ಟ್ ಹ್ಯಾಂಪ್ಟನ್ ಡ್ಯೂನ್ಸ್ ಎಂಬ ಆ ಊರಿನ ಬಹಳಷ್ಟು ನಿವೇಶನಗಳು ಆಗ ನೀರಿನಡಿ ಇದ್ದವು. 1994ರ ರಾಜಿ ಒಪ್ಪಂದದ ಪ್ರಕಾರ ಸರ್ಕಾರಗಳು ಮೂವತ್ತು ವರ್ಷ ಮರಳು ತುಂಬಿಸಿ ದಂಡೆ ಕಾಪಾಡಬೇಕು. ಪ್ರತಿಯಾಗಿ ಕಡಲದಂಡೆ ಸಾರ್ವಜನಿಕರಿಗೆ ತೆರೆದಿರಬೇಕು. ಗ್ರೋಯ್ನ್ ಸಾಲಿನ ಪಶ್ಚಿಮ ತುದಿಯ ಕಲ್ಲುಗಳನ್ನು ಮೊಟಕುಗೊಳಿಸಿ, ಹಿಡಿದಿಟ್ಟ ಮರಳು ಮುಂದಕ್ಕೆ ಹರಿಯುವಂತೆ ಮಾಡಿದರು. ನೀರಿನಡಿ ಹೋಗಿದ್ದ ನೆಲ ಮತ್ತೆ ಮೇಲೆದ್ದಿತು, ಮೇಲೆ ಹಿಂದಿನದಕ್ಕಿಂತ ದೊಡ್ಡ, ದುಬಾರಿ ಮನೆಗಳೆದ್ದವು. ಸಾರ್ವಜನಿಕ ಹಣದಿಂದ ಶ್ರೀಮಂತರ ದಂಡೆ ಕಟ್ಟಿದರೆಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ಹಾನಿಯ ಮೂಲ ಸರ್ಕಾರಿ ಕಾಮಗಾರಿಯೇ ಆಗಿದ್ದರಿಂದ ಆ ಟೀಕೆಗೆ ಸುಲಭದ ಉತ್ತರವಿಲ್ಲ. ಈ ಅನುಭವದ ಮೇಲೆ 1996ರಲ್ಲಿ ಹೊಸ ನಿಯಮ ಬಂತು: ಎಲ್ಲಿ ಕಂಡಿ ಬಿದ್ದರೂ ಕಾಯದೆ ಕೂಡಲೇ ಮುಚ್ಚುವ ಸಿದ್ಧತೆ ಇರಬೇಕು.

ಹಿನ್ನೀರಿನಲ್ಲಿ ಇನ್ನೊಂದು ಅವನತಿ ಸದ್ದಿಲ್ಲದೆ ನಡೆದಿತ್ತು. 1970ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಗಟ್ಟಿಚಿಪ್ಪಿನ ಮರುವಾಯಿಗಳಲ್ಲಿ ಅರ್ಧದಷ್ಟು ಗ್ರೇಟ್ ಸೌತ್ ಬೇಯಿಂದ ಬರುತ್ತಿದ್ದವು. ಅತಿಯಾಗಿ ಹಿಡಿದದ್ದರಿಂದ ಸಂಖ್ಯೆ ಕುಸಿಯಿತು. ದಡದ ಮನೆಗಳ ಶೌಚಗುಂಡಿಗಳಿಂದ ಅಂತರ್ಜಲದ ಮೂಲಕ ಸಾರಜನಕ ಹಿನ್ನೀರಿಗೆ ಇಳಿಯಿತು. 1985ರಿಂದ ಕಂದು ಪಾಚಿಯ ಮುಸುಕು ನೀರನ್ನು ಮತ್ತೆ ಮತ್ತೆ ಆವರಿಸಿ, ಮರುವಾಯಿಗಳನ್ನೂ ನೀರಹುಲ್ಲಿನ ಹಾಸುಗಳನ್ನೂ ಬಡಕಲಾಗಿಸಿತು. ನಿಂತ ನೀರಿಗೆ ಹರಿವು ಬೇಕಿತ್ತು.

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ನ್ಯೂಜರ್ಸಿಯ ದಡ ಸೇರಿತು. ಅದು ವಿಸ್ತಾರದಲ್ಲಿ ದೈತ್ಯ; ಹುಣ್ಣಿಮೆಯ ಭರತ ಜೊತೆಗೂಡಿತ್ತು. ನ್ಯೂಯಾರ್ಕ್ ನಗರದ ಸುರಂಗ ರೈಲುದಾರಿಗಳಿಗೆ ನೀರು ನುಗ್ಗಿತು. ರಾಕವೇ, ಲಾಂಗ್ ಬೀಚ್ ಮುಳುಗಿದವು. ಫೈರ್ ಐಲ್ಯಾಂಡ್‌ನಲ್ಲಿ ದಿಬ್ಬಗಳ ಬಹುಭಾಗ ಕೊಚ್ಚಿಹೋಯಿತು. ಮೊರಿಚಸ್ ಅಳಿವೆಯ ಇಕ್ಕೆಲಗಳಲ್ಲಿ, ಸ್ಮಿತ್ ಪಾಯಿಂಟ್ ಮತ್ತು ಕಪ್ಸೋಗ್ ಉದ್ಯಾನಗಳಲ್ಲಿ ಪಟ್ಟಿ ಒಡೆಯಿತು. ನಿಯಮದಂತೆ ಎರಡನ್ನೂ ಬೇಗನೆ ಮುಚ್ಚಿದರು. ಮೂರನೆಯ ಕಂಡಿ ಬಿದ್ದದ್ದು ಓಲ್ಡ್ ಇನ್ಲೆಟ್‌ನಲ್ಲಿ, 1825ರ ಸುಮಾರಿಗೆ ಮುಚ್ಚಿದ ಆ ಹಳೆಯ ಅಳಿವೆ ಇದ್ದ ಜಾಗದಲ್ಲೇ. ಆ ಭಾಗ 1980ರಿಂದ ಕಾಯಿದೆಯ ಪ್ರಕಾರ ವನ್ಯಪ್ರದೇಶ. ಅಲ್ಲಿ ಪ್ರಕೃತಿಯ ನಡೆಗೆ ಅಡ್ಡಿ ಮಾಡುವ ಮೊದಲು ಕಾರಣ ಕೊಡಬೇಕು. ರಾಷ್ಟ್ರೀಯ ಉದ್ಯಾನ ಸೇವೆ ಕಾದು ನೋಡುವ ನಿರ್ಧಾರ ಮಾಡಿತು.

ಹಿನ್ನೀರಿನ ಆಚೆ ದಡದಲ್ಲಿ ಆತಂಕ ಮೂಡಿತು. ಮನೆಗಳಿಗೆ ಆಗಷ್ಟೇ ನೀರು ನುಗ್ಗಿ ಹೋಗಿತ್ತು. ಚಳಿಗಾಲದ ಬಿರುಗಾಳಿಗಳಲ್ಲಿ ಮತ್ತೆ ನೀರು ಏರಿದಾಗ ಜನ ಹೊಸ ಕಂಡಿಯನ್ನೇ ದೂರಿದರು. 1993ರ ನೆನಪು ಇನ್ನೂ ಹಸಿಯಾಗಿತ್ತು. ಚುನಾಯಿತ ಪ್ರತಿನಿಧಿಗಳು ತಕ್ಷಣ ಮುಚ್ಚಬೇಕೆಂದು ಒತ್ತಾಯಿಸಿದರು. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫ್ಲಾಗ್ ಮತ್ತು ಸಂಗಡಿಗರು ವಿಮಾನದಿಂದ ಚಿತ್ರ ತೆಗೆದು, ದೋಣಿಯಿಂದ ಆಳ ಅಳೆದು, ನೀರಿನ ಮಟ್ಟ ಮತ್ತು ಉಪ್ಪಿನ ಪ್ರಮಾಣಗಳನ್ನು ದಾಖಲಿಸುತ್ತ ಹೋದರು. ಹಿನ್ನೀರಿನ ಮಟ್ಟದಲ್ಲಿ ಕಂಡಿಯಿಂದಾದ ಏರಿಕೆ ತೀರ ಅಲ್ಪವೆಂದು ಅಳತೆ ತೋರಿಸಿತು. ಬಿರುಗಾಳಿಯ ದಿನ ಗ್ರೇಟ್ ಸೌತ್ ಬೇ ಉಕ್ಕುವುದಕ್ಕೆ ಮುಖ್ಯ ಕಾರಣ ಹೊರಗಿನ ಸಮುದ್ರವೇ ದಿನಗಟ್ಟಲೆ ಏರಿ ನಿಲ್ಲುವುದು. ಪೂರ್ವದ ಹಿನ್ನೀರು ಮಾತ್ರ ಗಮನಾರ್ಹವಾಗಿ ಬದಲಾಯಿತು: ಉಪ್ಪು ಹೆಚ್ಚಿತು, ನೀರು ತಿಳಿಯಾಯಿತು, ಕಂಡಿಯ ಸಮೀಪದಲ್ಲಿ ಕಂದು ಪಾಚಿಯ ಹಾವಳಿ ತಗ್ಗಿತು. ದೂರದ ಪಶ್ಚಿಮ ಭಾಗಕ್ಕೆ ಈ ಹಿತ ತಲುಪಲಿಲ್ಲ. ಪರಿಸರ ಪರಿಣಾಮದ ವರದಿಯ ಬಳಿಕ ಉದ್ಯಾನ ಸೇವೆ, ಜೀವಕ್ಕೆ ಆಸ್ತಿಗೆ ಅಪಾಯ ಹೆಚ್ಚಿದರಷ್ಟೇ ಮುಚ್ಚುವುದೆಂದು ತೀರ್ಮಾನಿಸಿತು. ಈ ದಂಡೆಯ ಆಧುನಿಕ ಚರಿತ್ರೆಯಲ್ಲಿ, ತೆರೆದ ಕಂಡಿಯೊಂದನ್ನು ಕಲ್ಲು ಕಟ್ಟಿ ಉಳಿಸದೆ, ಯಂತ್ರ ತಂದು ಮುಚ್ಚದೆ, ಅದರ ಪಾಡಿಗೆ ಬಿಟ್ಟು ಇಷ್ಟು ಕಾಳಜಿಯಿಂದ ಅಳೆದದ್ದು ಇದೇ ಮೊದಲು. ಸುಮಾರು ಹತ್ತು ವರ್ಷ ಅತ್ತಿತ್ತ ಸರಿದಾಡಿದ ಅಳಿವೆ ಕ್ರಮೇಣ ಆಳ ಕಳೆದುಕೊಂಡು ತಾನಾಗಿ ಮುಚ್ಚಿತು. ಒಳಗೆ ಅದು ಕಟ್ಟಿದ ಮರಳ ತಿಟ್ಟು ಹಿನ್ನೀರಿನಲ್ಲಿ ಉಳಿದಿದೆ.

1960ರಲ್ಲಿ ಒಪ್ಪಿಗೆ ಪಡೆದ 83 ಮೈಲಿಯ ರಕ್ಷಣಾ ಯೋಜನೆ ಅಂತಿಮ ರೂಪ ಪಡೆದದ್ದು 2020ರಲ್ಲಿ, ಅರವತ್ತು ವರ್ಷಗಳ ಬಳಿಕ. ಅಷ್ಟರಲ್ಲಿ ನ್ಯೂಯಾರ್ಕ್ ಬಂದರಿನ ಮಾಪಕದಲ್ಲಿ ಸಮುದ್ರಮಟ್ಟ ಶತಮಾನಕ್ಕೆ ಸುಮಾರು 30 ಸೆಂ.ಮೀ. ದರದಲ್ಲಿ ಏರಿರುವುದು ಸ್ಪಷ್ಟವಾಗಿತ್ತು. ಮೂಲ ಯೋಜನೆಯಲ್ಲಿ ಕಲ್ಲಿಗೆ ದೊಡ್ಡ ಪಾಲಿತ್ತು. ಹೊಸದರಲ್ಲಿ ಮರಳಿಗೆ ಮತ್ತು ಮನೆಗಳಿಗೆ. ಮೂರೂ ಅಳಿವೆಗಳಲ್ಲಿ ಸಿಕ್ಕಿಬೀಳುವ ಮರಳನ್ನು ಡ್ರೆಜ್ಜರ್‌ನಿಂದ ಎತ್ತಿ ಪಶ್ಚಿಮದ ದಂಡೆಗೆ ದಾಟಿಸಬೇಕು. ವೆಸ್ಟ್‌ಹ್ಯಾಂಪ್ಟನ್‌ನ ಗ್ರೋಯ್ನ್‌ಗಳಲ್ಲಿ ಕೆಲವನ್ನು ಇನ್ನಷ್ಟು ಮೋಟು ಮಾಡಬೇಕು. ವಸತಿ ಇರುವೆಡೆ ಬಿದ್ದ ಕಂಡಿಯನ್ನು ಕೂಡಲೇ ಮುಚ್ಚಬೇಕು, ವನ್ಯಪ್ರದೇಶದಲ್ಲಿ ಕಾದು ನೋಡಬೇಕು. ಹಿನ್ನೀರಿನ ದಡದ ತಗ್ಗು ಪ್ರದೇಶಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಂಬಗಳ ಮೇಲೆ ಎತ್ತರಿಸುವ ಕೆಲಸವೂ ಯೋಜನೆಯಲ್ಲಿದೆ. ದಂಡೆಗೆ ಮರಳು ತುಂಬಿಸುವ ಹೊಣೆಯನ್ನು ಮೂವತ್ತು ವರ್ಷಗಳಿಗೆ ಸೀಮಿತಗೊಳಿಸಲಾಗಿದೆ.